ಗೊಬ್ಬರದ ಅಂಗಡಿಯ ಹಳೆಯ ವರ್ಷನ್

ನಂಜನಗೂಡಿನ ಬಜಾರ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾನು. ಟ್ಯಾಲಿ, ಟೈಪಿಂಗ್, ಒಂದಿಷ್ಟು ಡಿ.ಟಿ.ಪಿ. ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ ಅದು. ಇಂಟರ್‌ನೆಟ್ ಮುಟ್ಟಿದರೆ ದುಡ್ಡು, ಅದೂ ಆಮೆ ನಡಿಗೆ. ಆದರೆ ನಮ್ಮೂರಿನ ಕೇಬಲ್ ಟಿ.ವಿ. ಮಾಲೀಕರು ಮನೆಮನೆಗೆ ಕಂಪ್ಯೂಟರಿನ ವೈರನ್ನೂ ಎಳೆದಿದ್ದರು. ತಗಡೂರಿನ ಕಡೆ ಒಂದು ಟವರ್ ನಿಲ್ಲಿಸಿ, ಅದರ ತಲೆಗೆ ಬುಟ್ಟಿಯಂಥ ಆಂಟೆನಾ ಕಟ್ಟಿ, ತಿರುಮಕೂಡಲು ನರಸೀಪುರದವರನ್ನೂ ಇದೇ ಜಾಲಕ್ಕೆ ಸೇರಿಸಿಕೊಂಡಿದ್ದರು. ಈ ಜಾಲದೊಳಗೆ ಎಷ್ಟು ಬೇಕಾದರೂ ಫೈಲುಗಳನ್ನು ಕೊಡು-ತಗೋ ಮಾಡಬಹುದಿತ್ತು, ಪುಕ್ಕಟೆ.

ಆ ಕೊಡುಕೊಳ್ಳುವಿಕೆಗೆ ಬೇಕಾದ ಹಬ್ ನಡೆಸುತ್ತಿದ್ದವಳು ನಾನು. ಹಬ್ ಎಂದರೆ ಸಂತೆಮಾಳವಿದ್ದಂತೆ, ಅಷ್ಟೆ. ಯಾರ ಹತ್ತಿರ ಏನಿದೆ ಎಂದು ಕೂಗಿ ಹೇಳುವ ಜಾಗ. ಸರಕು ಮಾತ್ರ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ನೇರವಾಗಿ ಹೋಗುತ್ತಿತ್ತು. ಮೂಲೆಯಲ್ಲಿ ಮುಚ್ಚಳ ಕಳಚಿಟ್ಟ ಹಳೆಯ ಯಂತ್ರವೊಂದರಲ್ಲಿ ಹಬ್ ಹಗಲಿಡೀ ಓಡುತ್ತಿತ್ತು. ಯಂತ್ರ ಕೇಬಲ್ ಮಾಲೀಕರದು, ತಲೆನೋವು ನನ್ನದು.

ಒಳಗೆ ಬರಬೇಕಾದರೆ ನೀವೂ ಇಷ್ಟು ಹಂಚಿಕೊಳ್ಳಲೇಬೇಕು ಎಂಬ ನಿಯಮ ಮಾಡಿದವಳೂ ನಾನೇ. ಮುಯ್ಯಿ ಹಾಕದೆ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಎಲ್ಲರ ಬಳಿ ಹಾಡು, ಸಿನಿಮಾ ಇರಬೇಕಲ್ಲ? ಇಲ್ಲದವರು ಒಂದು ದಾರಿ ಕಂಡುಕೊಂಡರು. ಮನೆಯಲ್ಲಿದ್ದ ಮದುವೆ ಸಿ.ಡಿ.ಯನ್ನು ಕಂಪ್ಯೂಟರಿಗೆ ಸುರಿದು ಅದನ್ನೇ ಹಂಚಿಕೆಗೆ ಇಟ್ಟರು. ಮದುವೆ ಸಿ.ಡಿ.ಯಷ್ಟು ದಪ್ಪದ ಫೈಲು ಇನ್ನೊಂದಿರಲಿಲ್ಲ. ಸಾಲದೆ ಬಂದವರು ಯಾರದೋ ಮದುವೆಯನ್ನು ಇಳಿಸಿಕೊಂಡು ತಮ್ಮ ಪಾಲು ತುಂಬಿಸಿದರು. ಹೀಗೆ ಎರಡು ತಾಲ್ಲೂಕಿನ ಎಷ್ಟೋ ಮದುವೆಗಳು ನನ್ನ ಹಬ್‌ಗೆ ಬಂದು ಬಿದ್ದಿದ್ದವು. ಬೇಜಾರಾದಾಗ ನಾನೂ ಯಾರದೋ ಬೀಗರೂಟ ನೋಡುತ್ತ ಕೂತದ್ದುಂಟು.

ಇನ್ನು ರೋಗದ ವಿಷಯ. ಹಬ್‌ಗೆ ಬರಲು ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಕ್ಲೈಂಟ್ ಎಂಬ ಸಣ್ಣ ಪ್ರೋಗ್ರಾಮ್ ಇರಬೇಕು. ಅದರ ಒಂದು ವರ್ಷನ್ ಶುದ್ಧ ತರಲೆಯದು. ಬೇಕಾದ ಫೈಲು ಸಿಗದಿದ್ದರೆ ಸುಮ್ಮನಿರದೆ ಬಿಟ್ಟೂಬಿಡದೆ ಹುಡುಕಿ ಹುಡುಕಿ ಹಬ್‌ನ ಉಸಿರು ಕಟ್ಟಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಒಂದೇ ಫೈಲನ್ನು ಇಬ್ಬರು ಮೂವರಿಂದ ತುಂಡುತುಂಡಾಗಿ ತಂದು ಜೋಡಿಸುವಾಗ ಅಡ್ಡಾದಿಡ್ಡಿ ಜೋಡಿಸಿ, ಪೂರ್ತಿಯಾಯಿತು ಎಂದು ಹೇಳಿಬಿಡುತ್ತಿತ್ತು. ಆ ಕೆಟ್ಟ ಫೈಲನ್ನು ಇನ್ನೊಬ್ಬರು ಇಳಿಸಿಕೊಳ್ಳುತ್ತಿದ್ದರು, ಅವರಿಂದ ಮತ್ತೊಬ್ಬರು. ಹೊಸ ವರ್ಷನ್‌ನಲ್ಲಿ ಇವೆರಡೂ ಸರಿಯಾಗಿದ್ದವು. ಆದರೆ ನಮ್ಮವರ ಬಳಿ ಹೊಸದು ಇರಬೇಕಲ್ಲ.

ಕೇಬಲ್ ಆಫೀಸಿನ ಲೈನ್‌ಮನ್ ಬಳಿ ಇದ್ದದ್ದು ಒಂದೇ ಮದ್ದು. ವೈರಸ್ ಬರಲಿ, ಪ್ರಿಂಟರ್ ಓಡದಿರಲಿ, ಕರ್ಸರ್ ನಿಧಾನವಾಗಲಿ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ತನ್ನಲ್ಲಿದ್ದ ಸಿದ್ಧ ಡಿಸ್ಕಿನ ನಕಲನ್ನು ಅದರ ಮೇಲೆ ಸುರಿಯುತ್ತಿದ್ದ. ಆ ಸಿದ್ಧ ಡಿಸ್ಕಿನಲ್ಲಿ ಇದ್ದದ್ದು ಇದೇ ತರಲೆ ವರ್ಷನ್. ಹಾಗಾಗಿ ಎರಡೂ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ರೋಗ ಹತ್ತಿತ್ತು. ಹಬ್ ದಿನಕ್ಕೆ ಹಲವು ಸಲ ಮಲಗತೊಡಗಿತು. ಎಬ್ಬಿಸಿ ಎಬ್ಬಿಸಿ ನನಗೆ ಸಾಕಾಯಿತು.

ಕೊನೆಗೆ ಆ ವರ್ಷನ್ನನ್ನು ಬ್ಲಾಕ್ ಮಾಡುವುದೆಂದು ಗಟ್ಟಿ ಮನಸ್ಸು ಮಾಡಿದೆ. ಬರುವ ಸೋಮವಾರ ಬೆಳಿಗ್ಗೆ ಹತ್ತರಿಂದ ಹಳೆಯ ವರ್ಷನ್‌ನವರಿಗೆ ಪ್ರವೇಶವಿಲ್ಲ ಎಂದು ಹಬ್‌ನಲ್ಲಿ ವಾರವಿಡೀ ಸಾರಿದೆ. ಕೇಬಲ್ ಮಾಲೀಕರೂ ಒಪ್ಪಿದರು. ಹೊಸ ವರ್ಷನ್ ಹಾಕಿದ ಸಿದ್ಧ ಡಿಸ್ಕನ್ನು ನಾನೇ ಮಾಡಿಕೊಟ್ಟೆ. ಸೋಮವಾರ ಲೈನ್‌ಮನ್ ನರಸೀಪುರಕ್ಕೆ ಹೋಗಿ ಅಂಗಡಿ ಅಂಗಡಿಯಲ್ಲೂ ಅದನ್ನು ಹಾಕಿ ಬರುವುದೆಂದಾಯಿತು. ಅವನು ಹಾಕುವ ರೀತಿ ಯಾವುದೆಂದು ಗೊತ್ತಿದ್ದೂ ನಾನು ಹೆಚ್ಚು ಯೋಚಿಸಲಿಲ್ಲ. ಹೋದರೆ ಎರಡು ಸಿನಿಮಾ ಹೋಗುತ್ತವೆ, ಮತ್ತೆ ಇಳಿಸಿಕೊಳ್ಳುತ್ತಾರೆ ಎಂದುಕೊಂಡೆ.

ಆ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಳು. ಹೆಮ್ಮಿಗೆಯವಳು. ಮದುವೆಗೆ ಮುಂಚೆ ನನ್ನ ಹತ್ತಿರ ಟ್ಯಾಲಿ ಕಲಿತಿದ್ದಳು. ಬಸ್ಸು ತಪ್ಪಿದರೂ ಯಾರದೋ ಟೆಂಪೋ ಹತ್ತಿ ಬಂದು ಕ್ಲಾಸಿಗೆ ಕೂರುತ್ತಿದ್ದ ಹುಡುಗಿ. ಈಗ ಗುರುತು ಸಿಗದಷ್ಟು ಸೊರಗಿದ್ದಳು.

"ಮಿಸ್, ನಂಗೂ ಅವ್ರಿಗೂ ಮದ್ವೇನೇ ಆಗಿಲ್ಲ ಅಂತ ಕೋರ್ಟಲ್ಲಿ ಬರ್ಕೊಟ್ಟವ್ರೆ ಮಿಸ್," ಎಂದಳು.

ಹೆರಿಗೆಗೆಂದು ತವರಿಗೆ ಕಳಿಸಿದ ಗಂಡ ಮತ್ತೆ ಕರೆಯಲು ಬಂದಿರಲಿಲ್ಲ. ಮಗುವಿಗೆ ಐದು ತುಂಬುತ್ತಿತ್ತು. ಅವನು ಬೇರೆ ಹೆಣ್ಣು ನೋಡಿಕೊಂಡಿದ್ದ. ಇವಳು ನರಸೀಪುರದ ಕೋರ್ಟಿಗೆ ಹೋದರೆ, ಇವಳು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟಿದ್ದ. ಮದುವೆ ನಡೆದದ್ದು ನಂಜನಗೂಡಿನ ಛತ್ರವೊಂದರಲ್ಲಿ, ತರಾತುರಿಯಲ್ಲಿ, ಲಗ್ನಪತ್ರಿಕೆ ಕೂಡ ಹಾಕಿಸದೆ. ಆಲ್ಬಮ್, ಸಿ.ಡಿ. ಎರಡೂ ಗಂಡನ ಮನೆಯಲ್ಲಿ. ವಿಡಿಯೋ ತೆಗೆದ ಸ್ಟುಡಿಯೋದವರನ್ನು ಕೇಳಿದರೆ, ಆ ಟೇಪಿನ ಮೇಲೆ ಇನ್ನೊಂದು ಮದುವೆ ಎಳೆದಾಯಿತು, ಅಷ್ಟು ದಿನ ಯಾರಮ್ಮ ಇಟ್ಟುಕೊಳ್ಳುತ್ತಾರೆ ಎಂದರಂತೆ. ಇವಳ ಕಡೆ ಸಾಕ್ಷಿ ಹೇಳಲು ಬಂದವರನ್ನೆಲ್ಲ ಎದುರು ವಕೀಲರು ನೆಂಟರು, ಹೇಳಿಕೊಟ್ಟ ಮಾತು ಎಂದು ತಳ್ಳಿಹಾಕಿದ್ದರು.

"ನಾಳೆ ಕೇಸದೆ ಮಿಸ್. ಫೋಟೋನೋ ವಿಡಿಯೋನೋ ತತ್ತಾ, ಇಲ್ದಿದ್ರೆ ಜಡ್ಜು ಇನ್ನು ಮುಂದಕ್ಕಾಕಲ್ಲ ಅಂದ್ರು ವಕೀಲ್ರು. ಸ್ಟುಡಿಯೋದವ್ರು ನಿಮ್ ಎಸ್ರು ಏಳುದ್ರು. ಊರೋರ ಮದ್ವೆ ಎಲ್ಲಾ ನಿಮ್ ಕಂಪ್ಯೂಟರಲ್ಲಿ ಅವಂತೆ."

"ದುಡ್ಡು ಕಾಸಿಗಾಗಿ ಕೇಸ್ ಹಾಕಿದ್ದೀಯಾ?" ಎಂದು ಕೇಳಿದೆ. ನನ್ನ ನಾಲಿಗೆಗೆ ಯಾವಾಗ ಏನು ಕೇಳಬೇಕೆಂಬುದು ತಿಳಿಯುವುದಿಲ್ಲ.

"ದುಡ್ಡು ಅವ್ರತ್ರಾನೇ ಇರ್ಲಿ ಮಿಸ್. ಮಗೀನ್ನ ಇಸ್ಕೂಲ್ಗೆ ಸೇರುಸ್ಬೇಕು. ಅಪ್ಪನ ಎಸ್ರು ಏನಂತ ಬರುಸ್ಲಿ?"

ನಾನು ಕಂಪ್ಯೂಟರಿನ ಮುಂದೆ ಕೂತೆ. ಅವಳ ಹೆಸರು ಹಾಕಿ ಹಬ್‌ನಲ್ಲಿ ಹುಡುಕಿದೆ. ಮೂರು ಕಡೆ ಸಿಕ್ಕಿತು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಮೂರರಲ್ಲಿ ಎರಡು ನಂಜನಗೂಡಿನವೇ, ಒಂದು ಟೈಲರ್ ಅಂಗಡಿಯದು, ಒಂದು ಲಾಡ್ಜಿನದು. ತಮ್ಮ ಪಾಲು ತುಂಬಿಸಲು ಇಳಿಸಿಕೊಂಡವರು. ಊರೊಳಗಿನ ವೈರಿನಲ್ಲಿ ಎರಡೂ ಬೇಗನೆ ಬಂದವು. ತೆರೆದೆ. ಛತ್ರದ ಬಾಗಿಲು, ತೋರಣ, ಆರತಿ ಎಲ್ಲ ಸರಿ. ಹುಡುಗ ಹಸೆಮಣೆಗೆ ಬರುವ ಹೊತ್ತಿಗೆ ಪರದೆಯ ತುಂಬ ಹಸಿರು ಚೌಕಗಳು. ಧಾರೆಯಲ್ಲಿ ಕೈಗಳಿದ್ದವು, ಮುಖಗಳಿರಲಿಲ್ಲ. ಎರಡನೆಯದೂ ಹಾಗೇ. ತರಲೆ ವರ್ಷನ್ ತನ್ನ ಜೋಡಣೆಯ ಕೆಲಸ ಮಾಡಿತ್ತು.

ಮೂರನೆಯದು ನರಸೀಪುರದ್ದು. ಹಬ್‌ನಲ್ಲಿ ಎಲ್ಲರೂ ತಮ್ಮ ಅಂಗಡಿಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಅದು ಒಂದು ಗೊಬ್ಬರದ ಅಂಗಡಿಯ ಹೆಸರು. ಬೇರೆಯವರಿಗಿಂತ ಹಳೆಯ ತಾರೀಖಿನ ಫೈಲು, ಸಿ.ಡಿ.ಯಿಂದ ನೇರ ಸುರಿದದ್ದು. ಅಂದರೆ ಇದೇ ಮೂಲ, ಇದರಲ್ಲಿ ಚೌಕಗಳಿರುವುದಿಲ್ಲ.

ನನ್ನ ಹಿಂದೆ ನಿಂತಿದ್ದವಳು ಪರದೆಯ ಮೇಲಿನ ಹೆಸರು ಓದಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅದು ನಮ್ ಭಾವನ ಅಂಗ್ಡಿ ಮಿಸ್."

ಭಾವ ಎಂದರೆ ಗಂಡನ ಸ್ವಂತ ಅಣ್ಣ. ಮದುವೆಯೇ ಆಗಿಲ್ಲ ಎನ್ನುವ ಮನೆಯ ಹಿರಿಯ ಮಗ. ಹಬ್‌ಗೆ ಪಾಲು ತುಂಬಿಸಲು ಎಂದೋ ಇಟ್ಟು ಮರೆತಿರಬೇಕು ಎಂದುಕೊಂಡೆ. ಮರೆತಿದ್ದಾರೆಂಬುದೇ ನಮ್ಮ ಪುಣ್ಯ. ಆದರೆ ಆ ಮರೆವು ಎಷ್ಟು ಹೊತ್ತು ಉಳಿಯುತ್ತದೆ? ನಾನು ಆ ಫೈಲು ಇಳಿಸಿಕೊಳ್ಳಲು ತೊಡಗಿದರೆ ಅವರ ಪರದೆಯ ಕೆಳಗಿನ ಪಟ್ಟಿಯಲ್ಲಿ ಯಾರು, ಯಾವ ಫೈಲು ಒಯ್ಯುತ್ತಿದ್ದಾರೆ ಎಂದು ಕಾಣುತ್ತದೆ. ಒಂದು ಸಲ ಕಣ್ಣು ಕೆಳಗಿಳಿಸಿದರೆ ಮುಗಿಯಿತು. ಒಂದು ಗುಂಡಿ ಒತ್ತಿದರೆ ಫೈಲೇ ಇರುವುದಿಲ್ಲ.

ಆಮೇಲೆ ಅವರ ವರ್ಷನ್ ನೋಡಿದೆ. ಹಳೆಯದು. ನಾನು ಹತ್ತು ಗಂಟೆಗೆ ಬ್ಲಾಕ್ ಮಾಡಬೇಕಿದ್ದದ್ದು. ಅದನ್ನು ಬದಲಿಸಲು ಲೈನ್‌ಮನ್ ಆಗಲೇ ಬಸ್ಸು ಹತ್ತಿ ಹೋಗಿದ್ದ. ಅವನು ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಫಾರ್ಮ್ಯಾಟ್. ಭೂಮಿಯ ಮೇಲೆ ಆ ಮದುವೆಯ ಗುರುತೇ ಇರುವುದಿಲ್ಲ. ಅಷ್ಟು ಚೆನ್ನಾಗಿ ಎಲ್ಲವನ್ನೂ ಹೊಂದಿಸಿ ಕೊಟ್ಟವಳು ನಾನೇ.

ಹಬ್ ನಡೆಸುವವಳೆಂದು ಎಲ್ಲರಿಗೂ ಗೊತ್ತಿದ್ದ ನನ್ನ ಹೆಸರನ್ನು ಬಿಟ್ಟು, ಇನ್ನೊಂದು ಕಂಪ್ಯೂಟರಿನಿಂದ ಏನೋ ಒಂದು ಹೆಸರಿಟ್ಟು ಒಳಗೆ ಹೋಗಿ ಇಳಿಸಲು ಹಚ್ಚಿದೆ. ಟವರಿನ ದಾರಿ ಮೊದಲೇ ಸಣ್ಣದು, ಅದರ ಮೇಲೆ ನರಸೀಪುರದ ಹಳೆಯ ವರ್ಷನ್‌ಗಳ ಹುಡುಕಾಟದ ಗಲಾಟೆ ಬೇರೆ. ಫೈಲು ಇರುವೆಯಂತೆ ಹರಿಯತೊಡಗಿತು. ಮುಗಿಯುವುದು ಮಧ್ಯಾಹ್ನ ದಾಟಿದ ಮೇಲೆ ಎಂದು ಪರದೆ ಹೇಳಿತು.

ಆ ಗೊಬ್ಬರದ ಅಂಗಡಿಯವರ ಅಭ್ಯಾಸ ನನಗೆ ಗೊತ್ತಿತ್ತು. ಹಬ್‌ನಲ್ಲಿ ಕೂತವರಿಗೆ ಯಾರು ಯಾವಾಗ ಬರುತ್ತಾರೆ, ಹೋಗುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಅವರು ಒಂದೂವರೆಗೆ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋಗುವವರು. ಕಂಪ್ಯೂಟರನ್ನೂ ಆರಿಸಿ ಹೋಗುವವರು. ಅವರ ಹೆಸರು ಮಾಯವಾದರೆ ನನಗೂ ಊಟದ ಹೊತ್ತಾಯಿತು ಎಂದು ಗೊತ್ತಾಗುತ್ತಿತ್ತು.

ಹತ್ತಕ್ಕೆ ಸರಿಯಾಗಿ ಕೇಬಲ್ ಮಾಲೀಕರು ಮೆಟ್ಟಿಲೇರಿ ಬಂದರು. ದೊಡ್ಡ ಆಳು, ದೊಡ್ಡ ಗಂಟಲು, ಒಳ್ಳೆಯ ಮನಸ್ಸು. ಹೊಟ್ಟೆಯಲ್ಲಿ ಮಾತ್ರ ಒಂದು ಮಾತೂ ನಿಲ್ಲುವುದಿಲ್ಲ. ನರಸೀಪುರದ ಅಂಗಡಿಯವರೆಲ್ಲ ಅವರಿಗೆ ಬೇಕಾದವರು. ಅವರಿಗೆ ವಿಷಯ ಹೇಳಿದರೆ ಡಂಗುರ ಸಾರಿದಂತೆಯೇ. ಹಾಗಾಗಿ ಹೇಳಲಿಲ್ಲ.

"ಏನಮ್ಮ, ಬಾಗ್ಲು ಆಕ್ಬುಟ್ಯಾ?" ಎಂದರು.

"ಹಾಕ್ತಿದ್ದೀನಿ ಅಣ್ಣ."

ಬ್ಲಾಕ್ ಹಾಕಿದೆ. ಹಾಕದಿರಲು ಕಾರಣ ಹೇಳಬೇಕಾಗುತ್ತಿತ್ತು. ಅದೂ ಅಲ್ಲದೆ ನನ್ನ ನಿಯಮ ತಪಾಸಣೆ ಮಾಡುತ್ತಿದ್ದದ್ದು ಒಳಗೆ ಬರುವಾಗ ಮಾತ್ರ. ಆಗಲೇ ಒಳಗಿದ್ದವರು ತಾವಾಗಿ ಬೀಳುವವರೆಗೂ ಇರುತ್ತಾರೆ. ಗೊಬ್ಬರದ ಅಂಗಡಿಯವರು ಬೆಳಿಗ್ಗೆಯೇ ಬಂದು ಒಳಗಿದ್ದರು. ಒಬ್ಬೊಬ್ಬರಾಗಿ ಬೇರೆಯವರು ಬಿದ್ದು ಹೊರಗುಳಿದಂತೆ ಟವರಿನ ದಾರಿ ಸಡಿಲವಾಗಿ ನಮ್ಮ ಫೈಲು ಸ್ವಲ್ಪ ಚುರುಕಾಯಿತು.

"ಇನ್ನೂ ಸುಮಾರು ಜನ ಅವ್ರಲ್ಲಮ್ಮ ಒಳ್ಗೆ?" ಪರದೆಗೆ ಮೂಗು ತಾಗಿಸಿ ಮಾಲೀಕರು ಕೇಳಿದರು. "ಒಂದ್ಸಲ ಆಫ್ ಮಾಡಿ ಆನ್ ಮಾಡು. ಎಲ್ರೂ ಒಂದೇ ಏಟ್ಗೆ ಓಯ್ತಾರೆ."

ಟಿ.ವಿ. ಬರದಿದ್ದರೂ ಕರೆಂಟು ಹೋದರೂ ಅವರದು ಇದೇ ಮದ್ದು. ಹಬ್ ಆರಿಸಿ ಹಚ್ಚಿದರೆ ಅಂಗಡಿಯ ಪರದೆಯ ಮೇಲೆ ನನ್ನ ಸಂದೇಶ ಬಂದು ಕೂರುತ್ತದೆ: ನಿಮ್ಮ ವರ್ಷನ್ ಹಳೆಯದು, ಕೇಬಲ್ ಆಫೀಸಿಗೆ ಫೋನ್ ಮಾಡಿ. ಆಗ ಅವರು ಪರದೆ ನೋಡುತ್ತಾರೆ. ನೋಡಿದರೆ ಕೆಳಗಿನ ಪಟ್ಟಿಯೂ ಕಾಣುತ್ತದೆ. ನಾನು ಎದ್ದು ಹೋಗಿ ಮೂಲೆಯ ಯಂತ್ರಕ್ಕೂ ಅವರಿಗೂ ನಡುವೆ ನಿಂತೆ.

"ಡಿಸ್ಕ್ ಕೆಟ್ಟು ಕೂತಿದೆ ಅಣ್ಣ. ಆರಿಸಿದರೆ ಮತ್ತೆ ಏಳಲ್ಲ. ಹೊಸ ಡಿಸ್ಕ್ ತಂದುಕೊಡ್ತೀರಾ?"

ಹೊಸ ಡಿಸ್ಕ್ ಎಂದ ಕೂಡಲೇ ಅವರು ಹೋಗಿ ಬೆಂಚಿನ ಮೇಲೆ ಕೂತರು.

ಹನ್ನೊಂದರ ಹೊತ್ತಿಗೆ ಲೈನ್‌ಮನ್ ಫೋನ್ ಬಂತು. ಬಸ್ ಸ್ಟ್ಯಾಂಡ್ ಕಡೆಯದು ಮುಗಿಯಿತು, ಈಗ ಗೊಬ್ಬರದ ಅಂಗಡಿ ಸಾಲಿಗೆ ಹೋಗುತ್ತೇನೆ ಎಂದ.

"ಅಲ್ಲಿಗೆ ಆಮೇಲೆ ಹೋದರಾಯ್ತು. ಮೊದಲು ಹೊಳೆ ಕಡೆಯ ಮನೆಗಳನ್ನು ಮುಗಿಸಿ," ಎಂದೆ.

"ಇಲ್ಲೇ ಎದ್ರುಗೇ ನಿಂತಿವ್ನಿ ಕಣ್ ಮೇಡಂ. ಮುಗುಸ್ಕೊಂಡೇ ಓಯ್ತೀನಿ," ಎಂದು ಇಟ್ಟುಬಿಟ್ಟ.

ಮತ್ತೆ ಮಾಡಿದರೆ ಎತ್ತಲಿಲ್ಲ. ಹುಡುಗಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಇಬ್ಬರೂ ಪರದೆಯ ಮೇಲೆ ಬೆಳೆಯುತ್ತಿದ್ದ ಸಣ್ಣ ನೀಲಿ ಪಟ್ಟಿಯನ್ನೇ ನೋಡುತ್ತ ಕೂತೆವು. ಅದು ಯಾವ ಕ್ಷಣದಲ್ಲಾದರೂ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಸುಮಾರು ಹೊತ್ತಾದ ಮೇಲೆ ಲೈನ್‌ಮನ್ನೇ ಫೋನ್ ಮಾಡಿದ.

"ಆ ಗೊಬ್ರದಂಗ್ಡಿ ಯಪ್ಪ ಒಳಕ್ಕೇ ಬುಡ್ನಿಲ್ಲ ಮೇಡಂ. ಗಿರಾಕಿ ಅವ್ರೆ, ನಾಳೆ ಬಾ ಓಗು ಅಂತ ಬೋದು ಕಳ್ಸ್‌ಬುಟ್ಟ."

ಆ ಮನುಷ್ಯನ ಸಿಡುಕಿಗೆ ಮನಸ್ಸಿನಲ್ಲೇ ಕೈ ಮುಗಿದೆ. ತಮ್ಮನಂತೆಯೇ ಒರಟ ಇರಬೇಕು, ಇವತ್ತು ಆ ಒರಟುತನವೇ ನಮ್ಮನ್ನು ಕಾಯಿತು ಎಂದುಕೊಂಡೆ.

ಹನ್ನೆರಡೂವರೆಯ ಸುಮಾರಿಗೆ ಗಾಳಿ ಎದ್ದಿತು. ಪಾತ್ರೆ ಅಂಗಡಿಯವರು ಹೊರಗೆ ನೇತುಹಾಕಿದ್ದ ತಂಬಿಗೆಗಳು ಒಂದಕ್ಕೊಂದು ಬಡಿದುಕೊಂಡವು. ಗಾಳಿ ಎದ್ದರೆ ಟವರಿನ ಆಂಟೆನಾ ಕತ್ತು ತಿರುಗಿಸುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದ ಕಾಯಿಲೆ. ನೋಡನೋಡುತ್ತ ನರಸೀಪುರದ ಹೆಸರುಗಳೆಲ್ಲ ಒಟ್ಟಿಗೆ ಮಾಯವಾದವು. ನೀಲಿ ಪಟ್ಟಿ ಮುಕ್ಕಾಲು ದಾರಿಯಲ್ಲಿ ನಿಂತುಬಿಟ್ಟಿತು.

ಕೆಲವೇ ನಿಮಿಷ. ಆಂಟೆನಾ ತಾನಾಗಿ ಸರಿಹೋಯಿತೋ ಏನೋ, ಹೊಸ ವರ್ಷನ್‌ನವರು ಒಬ್ಬೊಬ್ಬರೇ ಮರಳಿ ಬಂದರು. ಹಳೆಯ ವರ್ಷನ್‌ನವರು ಬಾಗಿಲಿಗೆ ಬಂದು ನನ್ನ ನಿಯಮಕ್ಕೆ ತಲೆ ಬಡಿದು ಹಿಂದಕ್ಕೆ ಹೋಗುವುದು ಕಾಣುತ್ತಿತ್ತು. ಅವರ ಸಾಲಿನಲ್ಲಿ ಗೊಬ್ಬರದ ಅಂಗಡಿಯ ಹೆಸರು ಒಮ್ಮೆ ಬಂತು, ತಿರಸ್ಕೃತವಾಯಿತು. ನಾನು ಬ್ಲಾಕ್ ತೆಗೆಯಲು ಕೈಹಾಕುವಷ್ಟರಲ್ಲಿ ಒಂದು ಕ್ಷಣ ತಡವಾಗಿತ್ತು.

ಅದರಿಂದ ಆದ ಕೇಡು ಇಷ್ಟು. ದಾರಿ ಕಡಿದುಹೋದರೆ ಆ ಕ್ಲೈಂಟ್ ತಾನಾಗಿ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಆದರೆ ಹಬ್ ಒಮ್ಮೆ ಹೊರಗೆ ಹೋಗು ಎಂದರೆ ಸುಮ್ಮನಾಗಿಬಿಡುತ್ತದೆ. ಆಮೇಲೆ ಯಾರಾದರೂ ಕೂತು ಕೈಯಿಂದ ಗುಂಡಿ ಒತ್ತಿದರೆ ಮಾತ್ರ ಮತ್ತೆ ಬರುತ್ತದೆ. ಗೊಬ್ಬರ ತೂಗುವ ಮನುಷ್ಯ ಅದನ್ನು ಯಾಕೆ ಒತ್ತುತ್ತಾನೆ? ಕೇಬಲ್ ಆಫೀಸಿಗೆ ಫೋನ್ ಮಾಡುತ್ತಾನೆ ಅಷ್ಟೆ.

ಆದರೂ ಬ್ಲಾಕನ್ನು ಪೂರ್ತಿ ತೆಗೆದು ಬಾಗಿಲು ಹಾರುಹೊಡೆದಿಟ್ಟೆ. ಸಿನಿಮಾ ಆಸೆಗೆ ಬಿಡದೆ ಗುಂಡಿ ಒತ್ತುತ್ತಿದ್ದ ಎರಡೂ ಊರಿನವರ ಹಳೆಯ ವರ್ಷನ್‌ಗಳು ನುಗ್ಗಿದವು. ಎಲ್ಲರೂ ಒಟ್ಟಿಗೆ ಹುಡುಕಲು ಶುರುವಿಟ್ಟರು. ಮೂಲೆಯ ಯಂತ್ರದ ಫ್ಯಾನು ಕಿರುಚತೊಡಗಿತು. ಪರದೆಯ ಮೇಲಿನ ಬಾಣ ಜರುಗುವುದೇ ನಿಧಾನವಾಯಿತು. ಕೇಬಲ್ ಮಾಲೀಕರು ಬೆಂಚಿನಿಂದ ಎದ್ದರು.

"ಇದೇನಮ್ಮ ನೀನು ಮಾಡ್ತಾ ಇರೋದು? ನಾನು ಬಸ್ಚಾರ್ಜು ಕೊಟ್ಟು ಅಲ್ಲಿ ಒಬ್ಬುನ್ನ ಕಳ್ಸಿವ್ನಿ, ನೀನು ಇಲ್ಲಿ ಬಾಗ್ಲು ತಗ್ದು ಬುಟ್ಬುಟ್ಟು ಕೂತಿದ್ದೀಯಾ? ಮಲಗ್ಬುಡ್ತದೆ ಕಣಮ್ಮ ಅದು, ಮುಚ್ಚು!"

"ಒಂದು ನಿಮಿಷ ಸುಮ್ಮನಿರಿ ಅಣ್ಣ!"

ನಾನು ಕೂಗಿದ ರಭಸಕ್ಕೆ ಟೈಪಿಂಗ್ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಮಾಲೀಕರಿಗೆ ನಾನು ಜೋರು ಮಾಡಿ ಮಾತಾಡಿದ್ದು ಅದೇ ಮೊದಲು. ಹುಡುಗಿ ನನ್ನ ಪಕ್ಕದಲ್ಲಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೆಸರುಗಳು ಬರುತ್ತಲೇ ಇದ್ದವು. ಟೈಲರ್, ಲಾಡ್ಜು, ಒಂದು ಬೇಕರಿ, ಯಾರ್‍ಯಾರೋ. ಆ ಒಂದು ಹೆಸರಿಲ್ಲ. ಇನ್ನು ಹಬ್ ಮಲಗಿದರೆ ಎಲ್ಲ ಮುಗಿದಂತೆ. ಬಾಗಿಲು ಮುಚ್ಚಲೇಬೇಕೆಂದು ಕೈ ಮುಂದೆ ಮಾಡಿದೆ. ಆಗ ಪಟ್ಟಿಯ ಕೊನೆಯಲ್ಲಿ ಗೊಬ್ಬರದ ಅಂಗಡಿಯ ಹೆಸರು ಬಂತು.

ಯಾರು ಒತ್ತಿದರು, ಯಾಕೆ ಒತ್ತಿದರು ಎಂದು ಯೋಚಿಸಲು ನನಗಾಗ ಪುರುಸೊತ್ತಿರಲಿಲ್ಲ. ಫೈಲಿನ ತುಂಡಾದ ಜಾಗದಿಂದ ಮತ್ತೆ ಹಚ್ಚಿದೆ. ನೀಲಿ ಪಟ್ಟಿ ಅಲುಗಿತು. ಕೂಡಲೇ ಬ್ಲಾಕ್ ಹಾಕಿ, ಆ ಒಂದು ಹೆಸರು ಬಿಟ್ಟು ಒಳಗೆ ನುಗ್ಗಿದ್ದ ಹಳೆಯ ವರ್ಷನ್‌ಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊರಗೆ ದಬ್ಬಿದೆ. ಫ್ಯಾನು ತಣ್ಣಗಾಯಿತು. ಮಾಲೀಕರು ನನ್ನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಏನೋ ಇದೆ ಎಂದು ಅವರಿಗೆ ಹೊಳೆದಿರಬೇಕು. "ಕಾಫಿ ಕಳುಸ್ತೀನಿ," ಎಂದು ಹೇಳಿ ಕೆಳಗಿಳಿದು ಹೋದರು.

ಒಂದೂವರೆಯಾಯಿತು. ಇನ್ನೂ ಸ್ವಲ್ಪ ಉಳಿದಿತ್ತು. ನನ್ನ ಕಣ್ಣು ಗೋಡೆ ಗಡಿಯಾರಕ್ಕೂ ಆ ಹೆಸರಿಗೂ ಓಡಾಡುತ್ತಿತ್ತು. ಈಗ ಬೀಗದ ಕೈ ತೆಗೆದುಕೊಳ್ಳುತ್ತಿರಬೇಕು. ಈಗ ಷಟರ್ ಅರ್ಧ ಇಳಿಸುತ್ತಿರಬೇಕು. ಈಗ ಕಂಪ್ಯೂಟರ್ ಕಡೆ ಕೈ ಹೋಗಿರಬೇಕು. ಎರಡು ಗಂಟೆ ಹೊಡೆಯಿತು. ಹೆಸರು ಅಲ್ಲೇ ಇತ್ತು. ಗಿರಾಕಿಗಳು ಬಿಡಲಿಲ್ಲವೇನೋ, ಇಲ್ಲ ಆರಿಸುವುದನ್ನು ಮರೆತು ಹೋದರೇನೋ. ಕಪಿಲೆಯ ದಡದಲ್ಲಿ ಕೂತಿರುವ ನಮ್ಮ ದೇವರಿಗೆ ಎಲ್ಲ ಬಗೆಯ ಹರಕೆ ಹೊತ್ತೆ. ಸಾಧಾರಣವಾಗಿ ನಾನು ಹರಕೆ ಹೊರುವವಳಲ್ಲ.

ಎರಡೂಕಾಲು ದಾಟಿದ ಮೇಲೆ ಫೈಲು ಪೂರ್ತಿಯಾಯಿತು. ತೆರೆಯಲು ಅವಳಿಗೇ ಹೇಳಿದೆ. ಧಾರೆಯ ಹೊತ್ತು ಬಂತು. ಒಂದು ಚೌಕವೂ ಇಲ್ಲ. ಹುಡುಗನ ಮುಖ, ಬಾಸಿಂಗ, ಮೀಸೆಯ ಮೇಲಿನ ಬೆವರು ಕೂಡ ಕಾಣುತ್ತಿತ್ತು. ಅವನ ಬೆನ್ನಿಗೆ ಒತ್ತಿಕೊಂಡು, ಬಿಳಿ ಪಂಚೆಯುಟ್ಟು, ಹಾಲು ಹೊಯ್ಯುವವರಿಗೆ ಜಾಗ ಬಿಡಿಸುತ್ತ ಒಬ್ಬರು ನಿಂತಿದ್ದರು.

"ಅವ್ರೇ ಮಿಸ್, ಭಾವ," ಎಂದಳು. ಹಾಗೆಂದವಳು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ನಾಚಿಕೆಯೇನಿಲ್ಲ.

ಮಾರನೆಯ ದಿನ ಅವಳ ವಕೀಲರು ಅದನ್ನು ಕೋರ್ಟಿಗೆ ಕೊಟ್ಟರು. ಎದುರಿನವರು ಸಮಯ ಕೇಳಿದರು, ಮುಂದಿನ ಸಲ ಬಂದಾಗ ಮದುವೆಯಾದದ್ದು ನಿಜ ಎಂದು ಒಪ್ಪಿಕೊಂಡರು. ಗಂಡ ಗಂಡನಾಗಿ ಮರಳಿ ಬರಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ. ಆ ಜೂನ್‌ನಲ್ಲಿ ಮಗು ಹೆಮ್ಮಿಗೆಯ ಶಾಲೆಗೆ ಅಪ್ಪನ ಹೆಸರಿನೊಂದಿಗೆ ಸೇರಿತು. ನನಗೆ ಒಂದು ಡಬ್ಬಿ ಕಜ್ಜಾಯ ಬಂತು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಒಬ್ಬರು ಮೆಟ್ಟಿಲೇರಿ ಬಂದರು. ವಿಡಿಯೋದಲ್ಲಿ ನೋಡಿದ್ದ ಮುಖ, ಕೂದಲು ಮಾತ್ರ ನರೆತಿತ್ತು. ನಾನು ಕೂತಲ್ಲೇ ಸೆಟೆದುಕೊಂಡೆ. ಜಗಳಕ್ಕೇ ಬಂದಿದ್ದಾರೆ ಎಂದು ನಾಲಿಗೆಯ ತುದಿಗೆ ನಾಲ್ಕು ಮಾತು ತಂದಿಟ್ಟುಕೊಂಡೆ. ನೀವೇ ಹಂಚಿಕೆಗೆ ಇಟ್ಟದ್ದು, ಕದ್ದದ್ದಲ್ಲ ಎಂಬುದು ಮೊದಲನೆಯದು.

ಅವರು ಕೊಡೆ ಮಡಚಿ ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದರು.

"ಗೊಬ್ರುದ್ ಲೋಡ್ಗೆ ಬಂದಿದ್ದೆ ಕಣಮ್ಮ. ನಮ್ದು ಅಳೇ ವರ್ಷನ್ನು, ಅವತ್ತಿಂದ ಒಳಕ್ಕೇ ಬುಡ್ತಾ ಇಲ್ಲ. ಹೊಸ ಸೀಡಿ ಕೊಡಿ."

ಸಿ.ಡಿ. ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ತೆಗೆದುಕೊಳ್ಳದೆ ಕುರ್ಚಿ ಎಳೆದು ಕೂತರು.

"ಮಗು ಇಸ್ಕೂಲ್ಗೆ ಓಯ್ತಾ ಅದಾ?"

"ಹೋಗ್ತಿದೆ," ಎಂದೆ.

"ಕೆಳಗಡೆ ಕಾಣ್ತದಲ್ಲಮ್ಮ, ಯಾವ ಫೈಲು ಓಯ್ತಾ ಅದೆ ಅಂತ. ಎಸ್ರು ಯಾವ್ದೋ ಇತ್ತು. ಆ ಎಣ್ಮಗ್ಳು ನಿಮ್ಮಲ್ಲಿ ಕಲ್ತಿದ್ದು ಅಂತ ಮದ್ವೇಲಿ ಏಳಿದ್ರು, ಇನ್ಯಾರು ತಕ್ಕೊಂಡಾರು ಅನ್ಕಂಡೆ. ಆ ಲೈನ್ಮನ್ ಬಂದು ಅಳುಸ್ಬುಡ್ತೀನಿ ಅಂದ, ಬೋದು ಕಳುಸ್ದೆ. ಮಧ್ಯದಲ್ಲಿ ಕಿತ್ಕೊಂಡು ಓಯ್ತು ನೋಡಿ, ಏನ್ ಮಾಡ್ಬೇಕೋ ತಿಳೀನಿಲ್ಲ, ಅದೇ ಗುಂಡಿನ ಒತ್ತುತ್ತಾ ಕೂತಿದ್ದೆ. ಅವತ್ತು ಊಟಕ್ಕೆ ಓಗ್ನಿಲ್ಲ."

ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಹೆಸರು ಕೊರೆಸುತ್ತಿದ್ದ ಸದ್ದು ಕೇಳುತ್ತಿತ್ತು.

"ಕೋರ್ಟಿಗೆ ನೀವೇ ಬಂದು ಹೇಳಬಹುದಿತ್ತಲ್ಲ?" ಎಂದೆ.

"ಅವ್ವ ಅವ್ಳೆ ಕಣಮ್ಮ ಮನೇಲಿ. ತಮ್ಮನ್ ಎದ್ರುಗೆ ನಿಂತ್ರೆ ಬಾವಿ ನೋಡ್ಕತೀನಿ ಅಂದ್ಲು. ಕೇಸಾಕಿದ್ ದಿನ್ವೇ ಅದ್ನ ಅಳುಸ್ಬುಡು ಅಂದ್ರು ಎಲ್ರೂ. ಅಳುಸ್ದೆ ಅಂದೆ." ಅವರು ಸಿ.ಡಿ.ಯನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದರು. "ಹಬ್‌ನಿಂದ ಎತ್ತಿ ಬೇರೆ ಕಡೆ ಮಡುಗ್ಬೋದಿತ್ತು. ಯಾರಾರ ಬಂದು ತಕ್ಕೊಳ್ಳಿ ಅಂತ ಅಲ್ಲೇ ಬುಟ್ಟಿದ್ದೆ. ವರ್ಷ ಆಯ್ತಾ ಬಂದಿತ್ತು, ಯಾರೂ ಬರ್ನಿಲ್ಲ."

ಎದ್ದು ನಿಂತರು. ಬಾಗಿಲವರೆಗೆ ಹೋಗಿ ಕೊಡೆ ಕೈಗೆ ತೆಗೆದುಕೊಂಡು ತಿರುಗಿದರು.

"ನಾಳೆ ಲೈನ್ಮನ್ನ ಕಳ್ಸಿ. ಫಾರ್ಮ್ಯಾಟ್ ಮಾಡ್ಕೊಂಡೇ ಓಗ್ಲಿ, ಇನ್ನೇನಿಲ್ಲ ಅದ್ರಲ್ಲಿ."